ಮನೆ ಬಿಟ್ಟ ಮೇಲೆ ಕೋರ್ಟಿನ ದಾರಿ: ಮುಂಬಯಿಯ ಅಕ್ಕತಂಗಿಯರಿಗೆ

ಮಂಗಳೂರಿನಲ್ಲಿ ಬೆಳೆದ ಫ್ಲೇವಿಯಾ ಆಗ್ನೆಸ್ ಗಂಡನ ಹೊಡೆತ ತಿಂದು, ಹೊರಬಂದು, ಕಾನೂನು ಓದಿ ಮುಂಬಯಿಯಲ್ಲಿ ವಕೀಲೆಯಾದರು. ಅವರು ಜೊತೆಗೂಡಿ ಕಟ್ಟಿದ ಮಜ್ಲಿಸ್ ಸಂಸ್ಥೆ ಹೀಗೆ ಹಿಂಸೆ ಉಂಡ ಹೆಂಗಸರ ಪರ ಕೋರ್ಟಿನಲ್ಲಿ ನಿಂತಿದೆ. ಮನೆ ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ. ವಿಚ್ಛೇದನದ ಮಾತು ಆಮೇಲೆ. ಮೊದಲು ರಕ್ಷಣೆ, ಸೂರು, ಖರ್ಚಿನ ಹಣ ಕೇಳಿ.

1. ಜೀವ ಉಳಿಸಿಕೊಳ್ಳಿ. ಅಪಾಯವಿದ್ದರೆ 112ಕ್ಕೆ, ಸಹಾಯಕ್ಕೆ 181ಕ್ಕೆ ಕರೆ ಮಾಡಿ. ಪೆಟ್ಟಾಗಿದ್ದರೆ ಮುನಿಸಿಪಾಲಿಟಿ ಆಸ್ಪತ್ರೆಗೆ ಹೋಗಿ. ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ರಲ್ಲಿ ಶುರುವಾದ 'ದಿಲಾಸಾ' ಕೇಂದ್ರ ಮನೆಯಲ್ಲಿ ಹಿಂಸೆ ಉಂಡ ಹೆಂಗಸರಿಗೆಂದೇ ಇದೆ. ಡಾಕ್ಟರಿಗೆ "ಬಚ್ಚಲಲ್ಲಿ ಬಿದ್ದೆ" ಎನ್ನಬೇಡಿ. ಯಾರು, ಯಾವುದರಿಂದ ಹೊಡೆದರೆಂದು ಕೇಸ್‌ಪೇಪರಿನಲ್ಲಿ ಬರೆಸಿ, ಪ್ರತಿ ಇಟ್ಟುಕೊಳ್ಳಿ.

2. ಕಾಗದ ಕೂಡಿಸಿ. ಮದುವೆಯ ದಾಖಲೆ ಅಥವಾ ಫೋಟೋ, ಮಕ್ಕಳ ಜನನಪತ್ರ, ಪಾಸ್‌ಬುಕ್, ಒಡವೆಯ ರಸೀದಿ ಬೇಕು. ವಾಟ್ಸಾಪ್ ಬೆದರಿಕೆಗಳನ್ನು ಅಳಿಸಬೇಡಿ. ನಡೆದದ್ದನ್ನು ತಾರೀಖು ಸಹಿತ ಕನ್ನಡದಲ್ಲೇ ಬರೆದಿಡಿ.

3. ಉಚಿತ ವಕೀಲರನ್ನು ಕೇಳಿ. ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ 15100. ಹೆಂಗಸರಿಗೆ ವರಮಾನದ ಮಿತಿಯಿಲ್ಲ. ಮುಂಬಯಿಯಲ್ಲಿ ಅರ್ಜಿ ಮರಾಠಿ ಅಥವಾ ಇಂಗ್ಲಿಷಿನಲ್ಲಿರುತ್ತದೆ. ಪ್ರತಿ ಸಾಲಿನ ಅರ್ಥ ತಿಳಿಯದೆ ಸಹಿ ಹಾಕಬೇಡಿ.

4. ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಅರ್ಜಿ ಹಾಕಿ. ಅಂಧೇರಿಯ ತಂಗಿಯ ಮನೆಯಲ್ಲಿದ್ದರೆ ಅಲ್ಲಿನ ಕೋರ್ಟು, ಕುಂದಾಪುರದ ತವರಿಗೆ ಹೋಗಿದ್ದರೆ ಅಲ್ಲಿಯದೇ ಸಾಕು. ಒಟ್ಟಿಗೆ ಬಾಳಿದ ಮನೆ ಅತ್ತೆ-ಮಾವನ ಹೆಸರಿನಲ್ಲಿದ್ದರೂ ವಾಸದ ಹಕ್ಕು ಕೇಳಬಹುದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಕೇಸು 60 ದಿನದಲ್ಲಿ ಮುಗಿಯಬೇಕೆಂಬುದು ಕಾಯ್ದೆಯ ಆಶಯ. ಆದರೆ ತಾರೀಖಿನ ಮೇಲೆ ತಾರೀಖು ಬೀಳುತ್ತದೆ. ಆದ್ದರಿಂದ ಮಧ್ಯಂತರ ಆದೇಶವನ್ನು ಮೊದಲೇ ಕೇಳಿ. ಆದೇಶದ ಪ್ರತಿ ಉಚಿತ. ರಕ್ಷಣಾ ಆದೇಶ ಮುರಿದರೆ ಅದು ಅಪರಾಧ.

5. ವಿಚ್ಛೇದನ ಬೇಕಾದಾಗ ಬಾಂದ್ರಾ-ಕುರ್ಲಾ ಸಂಕೀರ್ಣದ ಫ್ಯಾಮಿಲಿ ಕೋರ್ಟಿಗೆ ಹೋಗಿ. ಅಲ್ಲಿ ಕೌನ್ಸೆಲರ್ ಮುಂದೆ ಕೂರಿಸುತ್ತಾರೆ. ಹಿಂಸೆಯ ವಿಷಯವನ್ನು ಆರಂಭದಲ್ಲೇ ಹೇಳಿ. ಗಂಡನ ಎದುರು ಬಾಯಿ ಬಾರದಿದ್ದರೆ ಬೇರೆಯಾಗಿ ಮಾತಾಡಿಸಿ ಎಂದು ಕೇಳಿ. "ಮಕ್ಕಳ ಮುಖ ನೋಡಿ ಹೊಂದಿಕೋ" ಎಂದು ಯಾರೇ ಹೇಳಲಿ, ರಾಜಿಗೆ ಒಪ್ಪಲೇಬೇಕೆಂದಿಲ್ಲ. ಮಕ್ಕಳ ಭೇಟಿಯ ನೆಪದಲ್ಲಿ ಕಾಟ ಮುಂದುವರಿದರೆ ಭೇಟಿ ಕೋರ್ಟಿನ ಆವರಣದಲ್ಲೇ ಆಗಲೆಂದು ಅರ್ಜಿ ಕೊಡಿ.

6. ಜೀವನಾಂಶಕ್ಕೆ ತಡಮಾಡಬೇಡಿ. ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಬೇಕು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕೆಂಬುದೂ ಸುಪ್ರೀಂ ಕೋರ್ಟಿನ 2020ರದೇ ತೀರ್ಪು. ಹಾಗಾಗಿ ಗಂಡ ಬದಲಾದಾನೆಂದು ಕಾಯುವ ಪ್ರತಿ ತಿಂಗಳ ನಷ್ಟ ನಿಮಗೂ ಮಕ್ಕಳಿಗೂ. ಬಂದದ್ದು, ಬಾಕಿಯಾದದ್ದು ಎರಡನ್ನೂ ಬರೆದಿಡಿ. ಕೊಡದಿದ್ದರೆ ಆ ಲೆಕ್ಕ ಹಿಡಿದು ವಸೂಲಿ ಅರ್ಜಿ ಹಾಕಿ.