ನಾಲ್ಕು ಬೀಗಗಳ ಲೆಕ್ಕ

ಎಂಬಿಎ ವಿದ್ಯಾರ್ಥಿಗಳಿಗೆ ಇಆರ್‌ಪಿ ಎಂಬ ವ್ಯವಹಾರ ತಂತ್ರಾಂಶದ ಪಾಠ ಹೇಳಲು ಶುರುಮಾಡಿದ ವರ್ಷ ನನ್ನ ಲ್ಯಾಬ್ ನೋಡಿದವರೆಲ್ಲ ಮೆಚ್ಚುತ್ತಿದ್ದರು. ಎಲ್ಲರ ಮುಂದೆಯೂ ಎಸ್‌ಎಪಿ ಕಂಪನಿ ಕಾಲೇಜುಗಳಿಗೆಂದೇ ಕೊಡುವ ‘ಗ್ಲೋಬಲ್ ಬೈಕ್’ ಪಾಠದ ಕೈಪಿಡಿ. ಅಮೆರಿಕದಲ್ಲೂ ಜರ್ಮನಿಯಲ್ಲೂ ಸೈಕಲ್ ವ್ಯಾಪಾರ ಮಾಡುವ ಕಾಲ್ಪನಿಕ ಕಂಪನಿ ಅದು. ಪರ್ಚೇಸ್ ಆರ್ಡರಿಗೆ ಎಂಇ21ಎನ್ ಎಂಬ ಕೋಡ್, ಸರಕು ಬಂದರೆ ಮಿಗೋ, ಬಿಲ್ಲು ಬಂದರೆ ಮಿರೋ. ಹೇಳಿದಂತೆ ಒತ್ತುತ್ತಾ ಹೋದರೆ ಕೆಳಗೆ ಡಾಕ್ಯುಮೆಂಟ್ ನಂಬರ್ ಮೂಡುತ್ತದೆ. ಅದನ್ನು ರೆಕಾರ್ಡಿಗೆ ಇಳಿಸಿದರೆ ಅಂಕ.

ಆ ಪಾಠದಲ್ಲಿ ಪ್ರತಿ ವಿದ್ಯಾರ್ಥಿಗೂ ಮೂರಂಕಿಯ ಸಂಖ್ಯೆ ಇರುತ್ತದೆ. ತನ್ನ ಸರಕಿನ ಹೆಸರಿನ ಕೊನೆಗೆ ಅದನ್ನೇ ಸೇರಿಸಬೇಕು. ಒಂದು ದಿನ 041ರ ಹುಡುಗಿ 014 ಎಂದು ಹೊಡೆದಳು. ಅವಳು ತರಿಸಿದ ಚೈನ್ ಬೀಗಗಳೆಲ್ಲ ಮುಂದಿನ ಸಾಲಿನ ಹುಡುಗನ ದಾಸ್ತಾನಿಗೆ ಜಮಾ ಆದವು. ‘ಸರ್, ಡಿಲೀಟ್ ಮಾಡೋದು ಹೇಗೆ?’ ಅಂದಳು. ಒಮ್ಮೆ ಪೋಸ್ಟ್ ಆದದ್ದನ್ನು ಅಳಿಸುವ ಹಾಗಿಲ್ಲ. 101 ಎಂಬ ಸರಕು ಚಲನೆಯ ಕೋಡಿನಲ್ಲಿ ಒಳಬಂದದ್ದನ್ನು 102ರಲ್ಲಿ ಹಿಂದಕ್ಕೆ ಹಾಕಬೇಕು, ಎರಡು ಸಾಲೂ ಲೆಕ್ಕದಲ್ಲಿ ಉಳಿಯಬೇಕು. ಯಾಕೆ ಹೀಗೆ ಎಂದು ಕೇಳಿದೆ. ಇಡೀ ತರಗತಿ ಕೈಪಿಡಿ ತಿರುವತೊಡಗಿತು. ಮೂರು ತಿಂಗಳು ನಾನು ಕಲಿಸಿದ್ದೆಲ್ಲ ಬೆರಳಿಗೆ ಮಾತ್ರ ಹೋಗಿದೆ ಎಂದು ತಿಳಿದು ಆ ರಾತ್ರಿ ನಿದ್ದೆ ಬರಲಿಲ್ಲ.

ಮರುವರ್ಷ ಮೊದಲ ಮೂರು ತರಗತಿ ಕಂಪ್ಯೂಟರ್ ಮುಟ್ಟಲಿಲ್ಲ. ಖರೀದಿ, ಗೋದಾಮು, ಲೆಕ್ಕಪತ್ರ ಎಂದು ಮೂರು ಗುಂಪು ಮಾಡಿ ಕಾಗದ ಹಂಚಿದೆ. ಆರ್ಡರಿನಲ್ಲಿ 100 ಬೀಗ, ಗೋದಾಮಿನ ರಸೀದಿಯಲ್ಲಿ 96, ಬಿಲ್ಲಿನಲ್ಲಿ ಮತ್ತೆ 100. ದುಡ್ಡು ಕೊಡುತ್ತೀರಾ? ಲೆಕ್ಕಪತ್ರದವರು ಮುಖ ಮುಖ ನೋಡಿಕೊಂಡರು. ಹಿಂದಿನ ಬೆಂಚಿನಿಂದ ಕಿರಾಣಿ ಅಂಗಡಿಯವರ ಮಗ ಎದ್ದು ನಿಂತ: ‘ನಮ್ಮಪ್ಪ ಲಾರಿ ಇಳಿಸೋವಾಗ ಮೂಟೆ ಎಣಿಸಿ ಬಿಲ್ಲಿನ ಪಕ್ಕ ಪೆನ್ಸಿಲ್ಲಲ್ಲಿ ಗೀಟು ಹಾಕ್ತಾರೆ ಸರ್. ಗೀಟು ಬೀಳದ ಮಾಲಿಗೆ ದುಡ್ಡು ಕೊಡಲ್ಲ.’

ಆರ್ಡರು, ರಸೀದಿ, ಬಿಲ್ಲು ಮೂರನ್ನೂ ತಾಳೆ ನೋಡುವುದೆಂದರೆ ಇದೇ. ಮಿರೋ ಪರದೆಯ ಹಿಂದೆಯೂ ಆ ಪೆನ್ಸಿಲ್ಲೇ ಇದೆ. ವ್ಯತ್ಯಾಸ ನಿಗದಿಪಡಿಸಿದ ಮಿತಿ ದಾಟಿದರೆ ಬಿಲ್ಲು ದಾಖಲಾಗುತ್ತದೆ, ಪಾವತಿ ಮಾತ್ರ ತಡೆಯಲ್ಲಿರುತ್ತದೆ. ಇಷ್ಟು ಹೇಳಿದ ಮೇಲೆ ಕಂಪ್ಯೂಟರ್ ಹಚ್ಚಿದರೆ ಅವರೇ ನನಗಿಂತ ಮುಂದೆ ಓಡಿದರು.

ಕೈಪಿಡಿಯನ್ನು ಬಿಟ್ಟಿಲ್ಲ, ಬಿಡುವುದೂ ತಪ್ಪು, ಕೈ ಪಳಗಬೇಕಲ್ಲ. ಆದರೆ ವೈವಾದಲ್ಲಿ ಈಗ ಡಾಕ್ಯುಮೆಂಟ್ ನಂಬರ್ ಕೇಳುವುದಿಲ್ಲ. ಬಾರದ ನಾಲ್ಕು ಬೀಗಗಳ ಮೊತ್ತ ಯಾವ ಖಾತೆಯಲ್ಲಿ ಕೂತಿದೆ ತೋರಿಸು ಅನ್ನುತ್ತೇನೆ. ತಡವರಿಸುವವರು ಈಗಲೂ ಇದ್ದಾರೆ. ಅವರನ್ನು ಪಕ್ಕದ ಮೇಜಿಗೆ ಕರೆದು ಆ ಮೂರು ಕಾಗದ ಕೈಗಿಡುತ್ತೇನೆ, ಜೊತೆಗೊಂದು ಪೆನ್ಸಿಲ್ಲು.