ನಕ್ಷೆಯಲ್ಲಿ ಊರು ತಪ್ಪಿದರೆ

ಭೂಪಟ ಬರೆಯಲು ಹಿಂದೆ ಕಾಗದ, ಅಡಿಕೋಲು, ಬಣ್ಣದ ಪೆನ್ಸಿಲು ಬೇಕಾಗಿದ್ದುವು. ಇಂದು ಆ ಕೆಲಸವನ್ನು ಕಂಪ್ಯೂಟರಿನಲ್ಲಿ ಮಾಡಬಹುದು. ಇದಕ್ಕೆ ನೆರವಾಗುವ ಕ್ಯುಜಿಐಎಸ್ ಎಂಬ ಮುಕ್ತ ತಂತ್ರಾಂಶವನ್ನು 2002ರಲ್ಲಿ ಗ್ಯಾರಿ ಶೆರ್ಮನ್ ಎಂಬವರು ಆರಂಭಿಸಿದರು. ಅದನ್ನು ಯಾರು ಬೇಕಾದರೂ ಬೆಲೆ ತೆರದೆ ಬಳಸಬಹುದು. ಆದರೆ ನಾವು ಕೊಡುವ ಮಾಹಿತಿಯ ರೂಪ ಸರಿಯಿಲ್ಲದಿದ್ದರೆ ಊರು ಸ್ಥಳ ತಪ್ಪುತ್ತದೆ, ಇಲ್ಲವೆ ಅದರ ಹೆಸರು ಕೆಡುತ್ತದೆ. ಸಾಮಾನ್ಯವಾಗಿ ಕಾಣುವ ನಾಲ್ಕು ದೋಷಗಳನ್ನು ಇಲ್ಲಿ ಪರಿಶೀಲಿಸೋಣ.

1. ಅಂಕಿಗಳ ಅದಲುಬದಲು: ಕಾಸರಗೋಡು ಸುಮಾರು 12.5 ಡಿಗ್ರಿ ಉತ್ತರ ಅಕ್ಷಾಂಶ, 75 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಪಾಠದಲ್ಲಿ ನಾವು ಅಕ್ಷಾಂಶವನ್ನು ಮೊದಲು ಹೇಳುತ್ತೇವೆ. ತಂತ್ರಾಂಶವಾದರೋ ಮೊದಲು 'ಎಕ್ಸ್' ಕೇಳುತ್ತದೆ, ಅದು ರೇಖಾಂಶ. 'ವೈ' ಎಂಬುದು ಅಕ್ಷಾಂಶ. ಇವು ಅದಲುಬದಲಾದರೆ ನಮ್ಮ ಕಾಸರಗೋಡು ನಾರ್ವೆ ದೇಶದ ಉತ್ತರದ ಶೀತಲ ಕಡಲಿನಲ್ಲಿ ಕಾಣಿಸಿಕೊಳ್ಳುತ್ತದೆ!

2. ಮಿನಿಟುಗಳ ಲೆಕ್ಕ: 12 ಡಿಗ್ರಿ 30 ಮಿನಿಟನ್ನು 12.30 ಎಂದು ಬರೆಯಬಾರದು. 60 ಮಿನಿಟಿಗೆ 1 ಡಿಗ್ರಿ. ಆದುದರಿಂದ 30 ಮಿನಿಟು ಅರ್ಧ ಡಿಗ್ರಿ, ಅಂದರೆ 12.5. ಅಕ್ಷಾಂಶದ ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರು. 0.2 ಡಿಗ್ರಿ ತಪ್ಪಿದರೆ ಊರು 22 ಕಿಲೋಮೀಟರು ತೆಂಕಕ್ಕೆ ಸರಿಯುತ್ತದೆ. ನಾರ್ವೆಗೆ ಹೋದ ಊರು ಕೂಡಲೇ ಕಣ್ಣಿಗೆ ಬೀಳುತ್ತದೆ. ಪಕ್ಕದ ಗ್ರಾಮಕ್ಕೆ ಸರಿದ ಊರು ಬೀಳುವುದಿಲ್ಲ. ಆದುದರಿಂದ ಈ ದೋಷವೇ ಹೆಚ್ಚು ಅಪಾಯಕರ.

3. ಜೊತೆಯ ಕಡತಗಳು: ಶೇಪ್‌ಫೈಲ್ ಎಂಬುದು ಒಂದೇ ಹೆಸರಿನ ಹಲವು ಕಡತಗಳ ಗುಂಪು. ಎಸ್‌ಎಚ್‌ಪಿಯಲ್ಲಿ ಆಕಾರ, ಎಸ್‌ಎಚ್‌ಎಕ್ಸ್‌ನಲ್ಲಿ ಅದರ ಸೂಚಿ, ಡಿಬಿಎಫ್‌ನಲ್ಲಿ ಹೆಸರು ಮೊದಲಾದ ವಿವರ, ಪಿಆರ್‌ಜೆಯಲ್ಲಿ ಅಳತೆಯ ಪದ್ಧತಿ ಇರುತ್ತವೆ. ಇನ್ನೊಬ್ಬರಿಗೆ ಕಳುಹಿಸುವಾಗ ಒಂದನ್ನೂ ಬಿಡದೆ ಕಳುಹಿಸಬೇಕು.

4. ಕನ್ನಡದ ಹೆಸರುಗಳು: ಕನ್ನಡ ಅಕ್ಷರಗಳ ಬದಲು ವಿಚಿತ್ರ ಚಿಹ್ನೆಗಳು ಕಂಡರೆ ಸಂಕೇತ ಪದ್ಧತಿಯನ್ನು 'ಯುಟಿಎಫ್-8' ಎಂದು ಬದಲಾಯಿಸಿ ನೋಡಬೇಕು. ಇನ್ನೊಂದು ತೊಡಕು ಉದ್ದದ್ದು. ಕಣ್ಣಿಗೆ ನಾಲ್ಕೇ ಅಕ್ಷರವಾದ 'ಮಂಜೇಶ್ವರ' ಕಂಪ್ಯೂಟರಿಗೆ 8 ಸಂಕೇತಗಳು: ಮ, ಅನುಸ್ವಾರ, ಜ, ಏತ್ವ, ಶ, ವಿರಾಮಚಿಹ್ನೆಯಾದ ಹಲಂತ, ವ, ರ. ಒಂದೊಂದಕ್ಕೆ 3 ಬೈಟು, ಒಟ್ಟು 24. ಡಿಬಿಎಫ್‌ನ ಕಾಲಂಗೆ 20 ಬೈಟುಗಳಷ್ಟೇ ಜಾಗ ಕೊಟ್ಟಿದ್ದರೆ 'ಮಂಜೇಶ್' ಮಾತ್ರ ಉಳಿಯುತ್ತದೆ. ಕಾಲಂನ ಉದ್ದವನ್ನು ಮೊದಲೇ ಹೆಚ್ಚಿಸಬೇಕು. 254 ಬೈಟುಗಳವರೆಗೆ ಅವಕಾಶವಿದೆ. ಎಲ್ಲವನ್ನೂ ಒಂದೇ ಕಡತದಲ್ಲಿಡುವ ಜಿಯೋಪ್ಯಾಕೇಜ್ ರೂಪವನ್ನು ಬಳಸುವುದು ಇನ್ನೂ ಒಳ್ಳೆಯದು.

ಗಡಿನಾಡಿನ ನಮ್ಮ ಊರುಗಳಿಗೆ ಎರಡೆರಡು ಭಾಷೆಗಳಲ್ಲಿ ಹೆಸರುಗಳಿವೆ. ಎರಡಕ್ಕೂ ಬೇರೆ ಬೇರೆ ಕಾಲಂ ಮಾಡಿದರೆ ನಕ್ಷೆಯಲ್ಲಿ ಎರಡೂ ಉಳಿಯುತ್ತವೆ. ಕನ್ನಡದ ಹೆಸರನ್ನು ಕಾಗುಣಿತ ಕೆಡದಂತೆ ಬರೆಯುವ ಹೊಣೆ ನಮ್ಮದು. ಅದನ್ನು ಯಾವ ಯಂತ್ರವೂ ತಾನಾಗಿ ಮಾಡಿಕೊಡದು.

ಅಭ್ಯಾಸ: ನಿಮ್ಮ ಊರಿನ ಹೆಸರಿಗೆ ಎಷ್ಟು ಬೈಟು ಬೇಕು? ಬಿಡಿಸಿ ಬರೆದು ಲೆಕ್ಕ ಹಾಕಿರಿ.