ಜೆಟ್ ಸ್ಕೀ ಖರೀದಿ ಮತ್ತು ಇನ್‌ಪುಟ್ ತೆರಿಗೆ ಜಮೆ

ಚನ್ನಪಟ್ಟಣದ ಸದಸ್ಯರೊಬ್ಬರು ಮಲ್ಪೆಯ ಕಡಲತೀರದಲ್ಲಿ ಪ್ರವಾಸಿಗರಿಗಾಗಿ ಜೆಟ್ ಸ್ಕೀ ಓಡಿಸುವ ಆಲೋಚನೆಯಲ್ಲಿದ್ದು, ಖರೀದಿಯ ಜಿ.ಎಸ್.ಟಿ.ಯನ್ನು ಇನ್‌ಪುಟ್ ಜಮೆಯಾಗಿ ಪಡೆಯಬಹುದೇ ಎಂದು ಕೇಳಿದ್ದಾರೆ. ಸ್ಥಳದ ಆಯ್ಕೆಯಲ್ಲಿ ತಪ್ಪಿಲ್ಲ. ಮಲ್ಪೆ, ಮುರುಡೇಶ್ವರಗಳಿಗೆ ಪ್ರವಾಸಿಗರ ಕೊರತೆಯಿಲ್ಲ. ಮಳೆಗಾಲದಲ್ಲಿ ಮಾತ್ರ ಜಲಕ್ರೀಡೆ ನಿಲ್ಲುತ್ತದೆ, ಸಾಲದ ಕಂತು ನಿಲ್ಲುವುದಿಲ್ಲ.

ವಿಹಾರ ಹಾಗೂ ಕ್ರೀಡಾ ನೌಕೆಗಳ ಮೇಲಿನ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ. 40. ಬೆಲೆ ರೂ. 12 ಲಕ್ಷವೆಂದು ಇಟ್ಟುಕೊಂಡರೆ ತೆರಿಗೆಯೇ ರೂ. 4.80 ಲಕ್ಷ. ಕೇಂದ್ರ ಜಿ.ಎಸ್.ಟಿ. ಕಾಯಿದೆಯ ಕಲಮು 17(5) ನೌಕೆಗಳ ಮೇಲಿನ ಜಮೆಯನ್ನು ತಡೆಯುತ್ತದೆ. ಅದೇ ನೌಕೆಗಳ ಮುಂದಿನ ಪೂರೈಕೆ, ಪ್ರಯಾಣಿಕರ ಅಥವಾ ಸರಕಿನ ಸಾಗಣೆ, ನೌಕೆ ನಡೆಸುವ ತರಬೇತಿ ಇವಕ್ಕಷ್ಟೇ ವಿನಾಯಿತಿ. ನಮ್ಮ ಆಳೇ ಹಿಂದೆ ಕುಳಿತು ಗಿರಾಕಿಯನ್ನು ಒಂದು ಸುತ್ತು ಹಾಕಿಸಿ ಹೊರಟಲ್ಲಿಗೇ ಕರೆತಂದರೆ ಅದು ಪೂರೈಕೆಯೋ ಸಾಗಣೆಯೋ? ವಾದಿಸಲು ಅವಕಾಶವುಂಟು, ಆದರೆ ಆ ವಾದವನ್ನು ನೆಚ್ಚಿ ಬಂಡವಾಳ ಹೂಡಿರೆಂದು ನಾನು ಹೇಳಲಾರೆ. ವಿಮೆ, ದುರಸ್ತಿಗಳ ತೆರಿಗೆಗೂ ಇದೇ ಗತಿ.

ಜಮೆ ದೊರೆಯದ ತೆರಿಗೆಯನ್ನು ಆಸ್ತಿಯ ಮೌಲ್ಯಕ್ಕೆ ಸೇರಿಸಿ, ಆದಾಯ ತೆರಿಗೆಯಲ್ಲಿ ಸವಕಳಿ ಪಡೆಯಬಹುದು. ಜೀವರಕ್ಷಕ ಜಾಕೆಟ್, ತರಬೇತಾದ ಚಾಲಕರ ವೆಚ್ಚವನ್ನೂ ಅಂದಾಜಿನಲ್ಲಿ ಹಿಡಿಯತಕ್ಕದ್ದು. ಕಡಲತೀರದ ಅನುಮತಿ ಲಿಖಿತವಾಗಿ ಕೈಸೇರುವವರೆಗೆ ಯಂತ್ರಕ್ಕೆ ಮುಂಗಡ ಕೊಡಬಾರದು.